ಸಾಮೂಹಿಕ ಪರಿಣಾಮ

ಸಾಮೂಹಿಕ ಪರಿಣಾಮ ಎಂಬುದು ನಿರ್ದಿಷ್ಟ ಸಾಮಾಜಿಕ ಸಮಸ್ಯೆಯೊಂದರ ಪರಿಹಾರಕ್ಕಾಗಿ ವಿವಿಧ ಕ್ಷೇತ್ರಗಳ ಸಂಘ-ಸಂಸ್ಥೆಗಳು ಒಂದೇ ದೃಷ್ಟಿಕೋನವನ್ನು ರೂಪಿಸಿಕೊಂಡು, ದೀರ್ಘಕಾಲ ಒಟ್ಟಾಗಿ ಕಾರ್ಯನಿರ್ವಹಿಸುವ ಸಹಯೋಗದ ವಿಧಾನವಾಗಿದೆ. ಸ್ವಯಂಸೇವಾ ಸಂಸ್ಥೆಗಳು, ಶಾಲೆಗಳು, ಸ್ಥಳೀಯ ಆಡಳಿತ, ಉದ್ಯಮಗಳು ಮತ್ತು ದತ್ತಿ ಪ್ರತಿಷ್ಠಾನಗಳು ಸಾಮಾನ್ಯವಾಗಿ ಇದರಲ್ಲಿ ಪಾಲ್ಗೊಳ್ಳುತ್ತವೆ. ಜಾನ್ ಕೇನಿಯಾ ಮತ್ತು ಮಾರ್ಕ್ ಕ್ರೇಮರ್ ಅವರು 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ಸೋಶಿಯಲ್ ಇನ್ನೋವೇಶನ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ಹೆಸರು ವ್ಯಾಪಕ ಬಳಕೆಗೆ ಬಂದಿತು. ಸಮುದಾಯದ ಗುರಿಯನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆ ಈ ವಿಧಾನದ ಕುರಿತ ಪ್ರಮುಖ ಚರ್ಚೆಯ ವಿಷಯವಾಗಿದ್ದು, ಇದರ ಪ್ರತಿಪಾದಕರು 2022ರಲ್ಲಿ ಮೂಲ ವ್ಯಾಖ್ಯಾನವನ್ನೇ ಪರಿಷ್ಕರಿಸಿದರು.

ಹಿನ್ನೆಲೆ

ಸಮುದಾಯ ಸಂಸ್ಥೆಗಳ ಒಕ್ಕೂಟಗಳ ಅಧ್ಯಯನ 2011ಕ್ಕಿಂತ ಬಹಳ ಹಿಂದಿನದು. 1993ರಲ್ಲಿ ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮೆಕ್‌ನೈಟ್ ಅವರು ಸಮುದಾಯದ ಕೊರತೆಗಳಿಗೆ ಬದಲಾಗಿ ಅದರ ಸಾಮರ್ಥ್ಯಗಳಿಂದ ಅಭಿವೃದ್ಧಿಯನ್ನು ಆರಂಭಿಸಬೇಕೆಂದು ವಾದಿಸಿದರು. ಆರ್ಥರ್ ಹಿಮ್ಮೆಲ್‌ಮನ್ ಅವರು ಸಂಸ್ಥೆಗಳ ನಡುವಿನ ಸಂಬಂಧವನ್ನು ಸಂಪರ್ಕ, ಸಮನ್ವಯ, ಸಹಕಾರ ಮತ್ತು ಸಹಯೋಗ ಎಂಬ ನಾಲ್ಕು ಹಂತಗಳಲ್ಲಿ ವಿವರಿಸಿದರು. ಮಾಹಿತಿಯ ವಿನಿಮಯ ಮೊದಲ ಹಂತವಾದರೆ, ಪರಸ್ಪರರ ಸಾಮರ್ಥ್ಯವನ್ನು ಹೆಚ್ಚಿಸುವುದು ಕೊನೆಯ ಹಂತ.

ಕೇನಿಯಾ ಮತ್ತು ಕ್ರೇಮರ್ ಅವರ ವಾದದ ಕೇಂದ್ರ ಬೇರೆಯಾಗಿತ್ತು. ದಾನಿಗಳು ಪ್ರತಿಯೊಂದು ಸಂಸ್ಥೆಯ ಸಾಧನೆಯನ್ನು ಪ್ರತ್ಯೇಕವಾಗಿ ಅಳೆದು ಅನುದಾನ ನೀಡುವುದರಿಂದ ಸಂಸ್ಥೆಗಳು ಪರಸ್ಪರ ಸ್ಪರ್ಧಿಸುತ್ತವೆ. ಶಿಕ್ಷಣ ಅಥವಾ ಆರೋಗ್ಯದಂತಹ ಜಟಿಲ ಸಮಸ್ಯೆಗಳನ್ನು ಯಾವ ಒಂದು ಸಂಸ್ಥೆಯೂ ಏಕಾಂಗಿಯಾಗಿ ಬಗೆಹರಿಸಲಾರದು ಎಂಬುದು ಅವರ ನಿಲುವು.

ಐದು ಅಂಶಗಳು

2011ರ ಲೇಖನವು ಯಶಸ್ವಿ ಸಹಯೋಗಕ್ಕೆ ಐದು ಅಂಶಗಳನ್ನು ಗುರುತಿಸುತ್ತದೆ.

1. ಸಮಾನ ಕಾರ್ಯಸೂಚಿ: ಸಮಸ್ಯೆ ಯಾವುದು, ಅದನ್ನು ಹೇಗೆ ಎದುರಿಸಬೇಕು ಎಂಬ ಬಗ್ಗೆ ಎಲ್ಲರ ಒಮ್ಮತ.
2. ಸಮಾನ ಮಾಪನ ವ್ಯವಸ್ಥೆ: ಎಲ್ಲ ಸಂಸ್ಥೆಗಳೂ ಫಲಿತಾಂಶವನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು.
3. ಪರಸ್ಪರ ಪೂರಕ ಚಟುವಟಿಕೆಗಳು: ಎಲ್ಲರೂ ಒಂದೇ ಕೆಲಸವನ್ನು ಮಾಡದೆ, ತಮಗೆ ಒಗ್ಗುವ ಕೆಲಸವನ್ನು ಇತರರ ಕೆಲಸಕ್ಕೆ ಪೂರಕವಾಗುವಂತೆ ಮಾಡುವುದು.
4. ನಿರಂತರ ಸಂವಹನ: ನಂಬಿಕೆ ಬೆಳೆಯುವಂತೆ ವರ್ಷಗಟ್ಟಲೆ ನಿಯಮಿತವಾಗಿ ಸಭೆ ಸೇರುವುದು.
5. ಬೆನ್ನೆಲುಬು ಸಂಸ್ಥೆ: ಸಭೆ, ದತ್ತಾಂಶ ಮತ್ತು ದೈನಂದಿನ ನಿರ್ವಹಣೆಗೆಂದೇ ಮೀಸಲಾದ ಸಿಬ್ಬಂದಿಯುಳ್ಳ ಸಂಸ್ಥೆ.

ಸಮಾನ ದೃಷ್ಟಿಕೋನದ ರಚನೆ

ಸಂಸ್ಥೆಗಳು ಮೇಲುನೋಟಕ್ಕೆ ಒಂದೇ ಗುರಿಯನ್ನು ಹೊಂದಿರುವಂತೆ ಕಂಡರೂ, ಸಮಸ್ಯೆಯ ಬಗ್ಗೆ ಅವುಗಳ ತಿಳಿವಳಿಕೆ ಭಿನ್ನವಾಗಿರುತ್ತದೆ. ಮಕ್ಕಳು ಕಲಿಕೆಯಲ್ಲಿ ಹಿಂದುಳಿಯಲು ಕಾರಣ ಬೋಧನೆಯ ಗುಣಮಟ್ಟವೆಂದು ಒಂದು ಸಂಸ್ಥೆ ಭಾವಿಸಿದರೆ, ಅಪೌಷ್ಟಿಕತೆಯೆಂದು ಇನ್ನೊಂದು, ಪೋಷಕರ ನಿರುದ್ಯೋಗವೆಂದು ಮತ್ತೊಂದು ಭಾವಿಸಬಹುದು. ಏಕಾಂಗಿಯಾಗಿ ಕೆಲಸ ಮಾಡುವಾಗ ಈ ವ್ಯತ್ಯಾಸಗಳು ಗಮನಕ್ಕೆ ಬರುವುದಿಲ್ಲ; ಹಣ ಮತ್ತು ಹೊಣೆಯನ್ನು ಹಂಚಿಕೊಳ್ಳುವಾಗ ಅವು ಹೊರಬೀಳುತ್ತವೆ. ಆದ್ದರಿಂದ ಭಿನ್ನಾಭಿಪ್ರಾಯಗಳನ್ನು ಮುಕ್ತವಾಗಿ ಚರ್ಚಿಸಿ ಇತ್ಯರ್ಥಪಡಿಸುವುದು ಸಮಾನ ಕಾರ್ಯಸೂಚಿಯ ಮೊದಲ ಹೆಜ್ಜೆ. ಎಲ್ಲ ವಿಷಯಗಳಲ್ಲೂ ಸಹಮತ ಅನಿವಾರ್ಯವಲ್ಲ. ಮುಖ್ಯ ಗುರಿಗಳಲ್ಲಿ ಒಮ್ಮತವಿದ್ದರೆ ಸಾಕು.

ಅಮೆರಿಕದ ಸಿನ್ಸಿನಾಟಿ ನಗರ ಹಾಗೂ ನೆರೆಯ ಉತ್ತರ ಕೆಂಟಕಿ ಪ್ರದೇಶದಲ್ಲಿ 2006ರಲ್ಲಿ ಆರಂಭವಾದ ಸ್ಟ್ರೈವ್ ಸಹಯೋಗವು ಇದರ ಪ್ರಮುಖ ನಿದರ್ಶನ. 300ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರು ಅದರಲ್ಲಿ ಪಾಲ್ಗೊಂಡರು. ಶಿಕ್ಷಣದ ಒಂದು ಹಂತವನ್ನಷ್ಟೇ ಸುಧಾರಿಸಿದರೆ ಸಾಲದು, ಮಗುವಿನ ಹುಟ್ಟಿನಿಂದ ಉದ್ಯೋಗದವರೆಗಿನ ಎಲ್ಲ ಹಂತಗಳೂ ಒಟ್ಟಿಗೆ ಸುಧಾರಿಸಬೇಕೆಂಬುದು ಅವರು ಒಪ್ಪಿಕೊಂಡ ದೃಷ್ಟಿಕೋನ. ಸಂಸ್ಥೆಗಳು ಚಟುವಟಿಕೆಯ ಸ್ವರೂಪಕ್ಕನುಗುಣವಾಗಿ 15 ಜಾಲಗಳಾಗಿ ವಿಂಗಡಣೆಗೊಂಡು, ಎರಡು ವಾರಗಳಿಗೊಮ್ಮೆ ಎರಡು ಗಂಟೆಗಳ ಸಭೆಗಳನ್ನು ನಡೆಸಿದವು.

ಆತ್ಮಾವಲೋಕನ

ದೃಷ್ಟಿಕೋನವನ್ನು ಒಮ್ಮೆ ಬರೆದಿಟ್ಟರೆ ಅದು ತಾನಾಗಿ ಉಳಿಯುವುದಿಲ್ಲ. ತಮ್ಮ ಕೆಲಸವು ಆ ಗುರಿಯತ್ತ ಸಾಗುತ್ತಿದೆಯೇ ಎಂದು ಸಂಸ್ಥೆಗಳು ಆಗಾಗ ಪರಾಮರ್ಶಿಸಬೇಕಾಗುತ್ತದೆ. ಸಮಾನ ಮಾಪನವು ಇಂತಹ ಆತ್ಮಾವಲೋಕನಕ್ಕೆ ಆಧಾರವನ್ನು ಒದಗಿಸುತ್ತದೆ.

ಸ್ಟ್ರೈವ್‌ನ ಶಿಶುವಿಹಾರಗಳು ಒಂದೇ ಮಾನದಂಡದಿಂದ ಮಕ್ಕಳ ಕಲಿಕೆಯನ್ನು ಅಳೆಯಲು ಒಪ್ಪಿಕೊಂಡವು. ದತ್ತಾಂಶವನ್ನು ಪರಿಶೀಲಿಸಿದಾಗ, ಬೇಸಿಗೆ ರಜೆಯ ಅವಧಿಯಲ್ಲಿ ಮಕ್ಕಳ ಕಲಿಕೆ ಹಿಂದಕ್ಕೆ ಸರಿಯುತ್ತಿರುವುದು ತಿಳಿಯಿತು. ಎಲ್ಲ ಕೇಂದ್ರಗಳೂ ಏಕಕಾಲಕ್ಕೆ ಬೇಸಿಗೆ ತರಗತಿಗಳನ್ನು ಆರಂಭಿಸಿದವು. ಒಂದೇ ವರ್ಷದಲ್ಲಿ ಆ ಪ್ರದೇಶದ ಮಕ್ಕಳ ಶಾಲಾ ಸಿದ್ಧತೆಯ ಅಂಕಗಳು ಸರಾಸರಿ ಶೇ. 10ರಷ್ಟು ಹೆಚ್ಚಿದವು ಎಂದು 2011ರ ಲೇಖನ ದಾಖಲಿಸಿದೆ. ಅದೇ ಲೇಖನದ ಪ್ರಕಾರ, ನಾಲ್ಕು ವರ್ಷಗಳಲ್ಲಿ 53 ಸೂಚಕಗಳ ಪೈಕಿ 34 ಸುಧಾರಣೆಯನ್ನು ತೋರಿದವು.

ತನ್ನ ಕಡಿಮೆ ಅಂಕಗಳನ್ನು ಇತರರ ಮುಂದಿಡುವುದು ಯಾವ ಸಂಸ್ಥೆಗೂ ಸುಲಭವಲ್ಲ. ಅದೇ ಅಂಕಗಳಿಂದ ಅನುದಾನ ನಿರ್ಧಾರವಾಗುವುದಾದರೆ ಅವುಗಳನ್ನು ಮುಚ್ಚಿಡುವ ಪ್ರವೃತ್ತಿ ಬೆಳೆಯುತ್ತದೆ. ಆದಕಾರಣ ಮಾಪನವನ್ನು ದಂಡನೆಯ ಬದಲು ಕಲಿಕೆಯ ಸಾಧನವಾಗಿ ಬಳಸುವುದು ಮುಖ್ಯವೆನಿಸುತ್ತದೆ. ಪೀಟರ್ ಸೆಂಗೆ, ಹ್ಯಾಲ್ ಹ್ಯಾಮಿಲ್ಟನ್ ಮತ್ತು ಜಾನ್ ಕೇನಿಯಾ ಅವರು 2015ರ ಲೇಖನವೊಂದರಲ್ಲಿ ಸಹಯೋಗದ ನಾಯಕರಿಗೆ ಮೂರು ಸಾಮರ್ಥ್ಯಗಳು ಅಗತ್ಯವೆಂದರು: ಇಡೀ ವ್ಯವಸ್ಥೆಯನ್ನು ನೋಡುವುದು, ಆತ್ಮಾವಲೋಕನ ಹಾಗೂ ಸೃಜನಶೀಲ ಸಂವಾದವನ್ನು ಬೆಳೆಸುವುದು, ತಕ್ಷಣದ ಸಮಸ್ಯೆಗಳಿಗೆ ಪ್ರತಿಕ್ರಿಯಿಸುವುದರಿಂದ ಭವಿಷ್ಯವನ್ನು ಒಟ್ಟಾಗಿ ರೂಪಿಸುವುದರತ್ತ ಸಾಗುವುದು.

ಟೀಕೆ

ಸಮುದಾಯ ಮನಃಶಾಸ್ತ್ರಜ್ಞ ಟಾಮ್ ವುಲ್ಫ್ ಅವರು 2016ರಲ್ಲಿ ಈ ವಿಧಾನದ ಹತ್ತು ದೋಷಗಳನ್ನು ಪಟ್ಟಿಮಾಡಿದರು. ಸಮಸ್ಯೆಯಿಂದ ಹೆಚ್ಚು ಬಾಧಿತರಾದವರಿಗೆ ಇದು ಅರ್ಥಪೂರ್ಣ ಸ್ಥಾನ ನೀಡುವುದಿಲ್ಲ. ಸಂಸ್ಥೆಗಳ ಮುಖ್ಯಸ್ಥರು ಮೇಲಿನಿಂದ ನಿರ್ಧರಿಸುವ ಕ್ರಮವಾಗಿದೆ. ಸಾಮಾಜಿಕ ನ್ಯಾಯ ಮತ್ತು ನೀತಿ ಬದಲಾವಣೆಗೆ ಆದ್ಯತೆ ನೀಡುವುದಿಲ್ಲ. ಒಕ್ಕೂಟಗಳ ಕುರಿತು ಹಿಂದೆ ನಡೆದ ಸಂಶೋಧನೆಯನ್ನು ಕಡೆಗಣಿಸಿದೆ ಎಂಬುವು ಅವುಗಳಲ್ಲಿ ಮುಖ್ಯವಾದವು. ಬೆನ್ನೆಲುಬು ಸಂಸ್ಥೆಗೆ ಬೇಕಾದ ಹಣವನ್ನು ಹೊಂದಿಸುವುದು ಸಣ್ಣ ಒಕ್ಕೂಟಗಳಿಗೆ ಸಾಧ್ಯವಾಗದೆಂದೂ ಅವರು ಹೇಳಿದರು.

2017ರಲ್ಲಿ ವುಲ್ಫ್, ಮೆರಿಡಿತ್ ಮಿಂಕ್ಲರ್, ಹಿಮ್ಮೆಲ್‌ಮನ್ ಮೊದಲಾದವರು ಪರ್ಯಾಯವಾಗಿ ಆರು ತತ್ತ್ವಗಳನ್ನು ಮಂಡಿಸಿದರು. ಕಾರ್ಯಸೂಚಿ ಮತ್ತು ಸಂಪನ್ಮೂಲ ಹಂಚಿಕೆಯನ್ನು ನಿರ್ಧರಿಸುವುದರಲ್ಲಿ ನಿವಾಸಿಗಳಿಗೆ ಸಮಾನ ಅಧಿಕಾರವಿರಬೇಕು ಎಂಬುದು ಅವುಗಳಲ್ಲೊಂದು.

ಪರಿಷ್ಕರಣೆ

ಕೆನಡಾದ ಟ್ಯಾಮರಾಕ್ ಸಂಸ್ಥೆಯ ಮಾರ್ಕ್ ಕಬಾಜ್ ಮತ್ತು ಲಿಜ್ ವೀವರ್ ಅವರು 2016ರಲ್ಲಿ ಐದು ಅಂಶಗಳನ್ನು ಮರುರೂಪಿಸಿದರು. ಸಮಾನ ಕಾರ್ಯಸೂಚಿಯ ಸ್ಥಾನದಲ್ಲಿ ಸಮುದಾಯದ ಆಶಯವನ್ನು, ಸಮಾನ ಮಾಪನದ ಸ್ಥಾನದಲ್ಲಿ ಕಾರ್ಯತಂತ್ರದ ಕಲಿಕೆಯನ್ನು, ನಿರಂತರ ಸಂವಹನದ ಸ್ಥಾನದಲ್ಲಿ ಎಲ್ಲರನ್ನೂ ಒಳಗೊಳ್ಳುವ ಸಮುದಾಯ ಸಹಭಾಗಿತ್ವವನ್ನು ಅವರು ಸೂಚಿಸಿದರು.

2022ರಲ್ಲಿ ಕೇನಿಯಾ ಮತ್ತು ಕ್ರೇಮರ್ ಇತರ ನಾಲ್ವರೊಂದಿಗೆ ಬರೆದ ಲೇಖನದಲ್ಲಿ, ಸಮತೆಯನ್ನು ಕಡ್ಡಾಯ ಆದ್ಯತೆಯಾಗಿ ಪರಿಗಣಿಸದಿರುವುದು ಹಲವು ಪ್ರಯತ್ನಗಳ ವೈಫಲ್ಯಕ್ಕೆ ಮುಖ್ಯ ಕಾರಣವೆಂದು ಒಪ್ಪಿಕೊಂಡರು. ಹಳೆಯ ವ್ಯಾಖ್ಯಾನವು ವಿವಿಧ ಕ್ಷೇತ್ರಗಳ ಪ್ರಮುಖರ ಬದ್ಧತೆಯನ್ನು ಕುರಿತದ್ದಾಗಿತ್ತು. ಹೊಸ ವ್ಯಾಖ್ಯಾನದಲ್ಲಿ ಸಮುದಾಯದ ಸದಸ್ಯರಿಗೆ ಮೊದಲ ಸ್ಥಾನ ದೊರೆಯಿತು ಮತ್ತು ಒಟ್ಟಾಗಿ ಕಲಿಯುವುದು ಅದರ ಭಾಗವಾಯಿತು.

ಸಂಬಂಧಿತ ವಿಧಾನಗಳು

ಸಮಾನ ದೃಷ್ಟಿಕೋನವನ್ನು ಕಟ್ಟಲು ಬಳಕೆಯಲ್ಲಿರುವ ಇನ್ನೊಂದು ವಿಧಾನ ಗುಣಗ್ರಾಹಿ ಅನ್ವೇಷಣೆ. 1987ರಲ್ಲಿ ಡೇವಿಡ್ ಕೂಪರ್‌ರೈಡರ್ ಮತ್ತು ಸುರೇಶ್ ಶ್ರೀವಾಸ್ತವ ಇದನ್ನು ಮಂಡಿಸಿದರು. ಗುಂಪೊಂದು ತನ್ನ ಹಿಂದಿನ ಯಶಸ್ಸುಗಳನ್ನು ನೆನೆದು, ಅವುಗಳಿಗೆ ಕಾರಣವಾದ ಸಾಮರ್ಥ್ಯಗಳನ್ನು ಗುರುತಿಸಿ, ಅವುಗಳ ಆಧಾರದ ಮೇಲೆ ಭವಿಷ್ಯದ ಕನಸನ್ನೂ ಯೋಜನೆಯನ್ನೂ ರೂಪಿಸುವುದು ಇದರ ಕ್ರಮ. 1968ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಮೈರಾಡ ಸಂಸ್ಥೆಯು ಕೆನಡಾದ ಅಂತಾರಾಷ್ಟ್ರೀಯ ಸುಸ್ಥಿರ ಅಭಿವೃದ್ಧಿ ಸಂಸ್ಥೆಯೊಂದಿಗೆ ಸೇರಿ ದಕ್ಷಿಣ ಭಾರತದ ಗ್ರಾಮೀಣ ಸಮುದಾಯಗಳಲ್ಲಿ ಇದನ್ನು ಪ್ರಯೋಗಿಸಿತು. ಈ ಅನುಭವವನ್ನಾಧರಿಸಿದ ಕೈಪಿಡಿ 2001ರಲ್ಲಿ ಪ್ರಕಟವಾಯಿತು.