ಜಂಬಲಾಯ: ಹೆಸರು ಒಬ್ಬರದು, ಅಕ್ಕಿ ಇನ್ನೊಬ್ಬರದು

ಅಮೆರಿಕದ ದಕ್ಷಿಣದಂಚಿನಲ್ಲಿರುವ ಲೂಯಿಸಿಯಾನ ರಾಜ್ಯದಲ್ಲಿ ಗೊನ್ಜಾಲೆಸ್ ಎಂಬ ಚಿಕ್ಕ ಊರಿದೆ. 1968ರಲ್ಲಿ ಆ ರಾಜ್ಯದ ಗವರ್ನರ್ ಈ ಊರನ್ನು ‘ಜಗತ್ತಿನ ಜಂಬಲಾಯ ರಾಜಧಾನಿ’ ಎಂದು ಘೋಷಿಸಿದರು. ಅಲ್ಲಿನ ಜಂಬಲಾಯ ಜಾತ್ರೆಯಲ್ಲಿ ಅಡುಗೆಯವರು ಸೌದೆ ಒಲೆಯ ಮೇಲೆ ಎರಕದ ಕಬ್ಬಿಣದ ಭಾರಿ ಕಡಾಯಿಗಳನ್ನಿಟ್ಟು ಪಂದ್ಯಕ್ಕೆ ನಿಲ್ಲುತ್ತಾರೆ. ಕೈಯಲ್ಲಿ ದೋಣಿಯ ಹುಟ್ಟಿನಷ್ಟು ಉದ್ದದ ಸಟ್ಟುಗ. ಹೊಗೆ, ಬೆವರು, ಮಾಂಸ ಹುರಿಯುವ ವಾಸನೆ ಎಲ್ಲವನ್ನೂ ಕಂಡರೆ ನಮ್ಮ ಮದುವೆ ಮನೆಯ ಹಿತ್ತಲೇ ನೆನಪಾದೀತು.

ಜಂಬಲಾಯ ಎಂದರೆ ಅನ್ನ, ಮಾಂಸ, ಸೀಗಡಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದ ಅಡುಗೆ. ಇಂದು ಜಗತ್ತು ಇದನ್ನು ‘ಕೇಜನ್’ ಅಡುಗೆ ಎಂದು ಗುರುತಿಸುತ್ತದೆ. ಕೇಜನರು ಯಾರು? ಈ ಅಡುಗೆ ನಿಜವಾಗಿ ಅವರದೇ? ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಹುಡುಕಲು ಮೂರು ಖಂಡಗಳನ್ನು ಸುತ್ತಬೇಕಾಗುತ್ತದೆ.

ತಳ ಹಿಡಿಸುವ ಕಲೆ

ಮೊದಲು ಅಡುಗೆಯನ್ನೇ ನೋಡೋಣ. ದಪ್ಪ ತಳದ ಕಬ್ಬಿಣದ ಬಾಣಲೆ ಕಾದ ಮೇಲೆ ಕೋಳಿ ಅಥವಾ ಹಂದಿಮಾಂಸದ ತುಂಡುಗಳನ್ನೂ ‘ಆಂಡೂಯಿ’ ಎಂಬ ಹೊಗೆಯಾಡಿಸಿದ ಸಾಸೇಜಿನ ಬಿಲ್ಲೆಗಳನ್ನೂ ಹಾಕಿ ಹುರಿಯುತ್ತಾರೆ. ಮಾಂಸದ ರಸ ಬಾಣಲೆಗೆ ಅಂಟಿ ಕಂದು ಬಣ್ಣಕ್ಕೆ ತಿರುಗಬೇಕು. ತಳ ಹಿಡಿಯುವುದು ನಮ್ಮ ಅಡುಗೆಮನೆಯಲ್ಲಿ ದೋಷ. ಅಲ್ಲಿ ಅದೇ ಗುಟ್ಟು; ಸೀಯದಂತೆ ತಳ ಹಿಡಿಸಬೇಕು, ಅಷ್ಟೆ. ಆಮೇಲೆ ಹೆಚ್ಚಿದ ಈರುಳ್ಳಿ, ಸೆಲರಿ ದಂಟು, ದೊಣ್ಣೆಮೆಣಸಿನಕಾಯಿ ಬೀಳುತ್ತವೆ. ಈ ಮೂರಕ್ಕೆ ಅಲ್ಲಿನ ಜನ ‘ಪವಿತ್ರ ತ್ರಿತ್ವ’ ಎಂದು ಹೆಸರಿಟ್ಟಿದ್ದಾರೆ. ತರಕಾರಿ ಬಿಟ್ಟ ನೀರಿನಲ್ಲಿ ತಳಕ್ಕಂಟಿದ ಕಂದನ್ನೆಲ್ಲ ಕೆರೆದು ಬಿಡಿಸಿದರೆ ಅಡುಗೆಗೆ ಬಣ್ಣವೂ ಬಂತು, ರುಚಿಯೂ ಬಂತು.

ಬಳಿಕ ಬೆಳ್ಳುಳ್ಳಿ, ಕರಿಮೆಣಸು, ಖಾರ. ಒಂದು ಪಾವು ಅಕ್ಕಿಗೆ ಸುಮಾರು ಎರಡು ಪಾವು ಕೋಳಿ ಬೇಯಿಸಿದ ರಸ. ಅಕ್ಕಿ ಹಾಕಿ ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಮತ್ತೆ ಕಲಕುವಂತಿಲ್ಲ. ಕಲಕಿದರೆ ಅನ್ನ ಮುದ್ದೆಯಾಗುತ್ತದೆ. ಸೀಗಡಿ ಬೇಗ ಬೇಯುವುದರಿಂದ ಅದನ್ನು ಕೊನೆಯ ಕೆಲವು ನಿಮಿಷಗಳಲ್ಲಿ ಸೇರಿಸುತ್ತಾರೆ. ಇದು ಹಳ್ಳಿಗಾಡಿನ ಕೇಜನರ ಕಂದು ಜಂಬಲಾಯ. ನ್ಯೂ ಆರ್ಲಿಯನ್ಸ್ ನಗರದ ‘ಕ್ರಿಯೋಲ್’ ಪದ್ಧತಿಯಲ್ಲಿ ಟೊಮ್ಯಾಟೊ ಸೇರಿ ಅದು ಕೆಂಪಾಗುತ್ತದೆ. ಯಾವುದು ಅಸಲಿ ಎಂಬ ಜಗಳ ಅಲ್ಲಿ ಇಂದಿಗೂ ಮುಗಿದಿಲ್ಲ.

ಹೆಸರಿನ ಜಾಡು

ಹೆಸರಿನ ಬಗ್ಗೆ ಕಥೆಗಳಿಗೆ ಕೊರತೆಯಿಲ್ಲ. ಫ್ರೆಂಚಿನ ‘ಜಾಂಬೋನ್’ (ಹಂದಿತೊಡೆಯ ಮಾಂಸ) ಎಂಬುದಕ್ಕೆ ಅಕ್ಕಿ ಎಂಬ ಅರ್ಥದ ‘ಯ’ ಎಂಬ ಆಫ್ರಿಕದ ಶಬ್ದ ಸೇರಿ ಜಂಬಲಾಯ ಆಯಿತೆಂಬುದು ಜನಪ್ರಿಯ ವಿವರಣೆ. ಕೇಳಲು ಸೊಗಸಾಗಿದೆ, ಆಧಾರ ಮಾತ್ರ ದುರ್ಬಲ. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ 1837ರಲ್ಲಿ ಅಚ್ಚಾದ ಕಾವ್ಯವೊಂದರಲ್ಲೇ ಈ ಶಬ್ದ ಸಿಗುತ್ತದೆ. ಅಲ್ಲಿ ಅದಕ್ಕೆ ಕಲಸುಮೇಲೋಗರ ಎಂಬ ಅರ್ಥವೂ ಇತ್ತು, ಕೋಳಿ ಹಾಕಿ ಬೇಯಿಸಿದ ಅನ್ನ ಎಂಬ ಅರ್ಥವೂ ಇತ್ತು. ಅಮೆರಿಕದ ಇಂಗ್ಲಿಷ್ ಕೃಷಿ ಪತ್ರಿಕೆಯೊಂದರಲ್ಲಿ ಇದು 1849ರಲ್ಲಿ ಕಾಣಿಸಿಕೊಂಡಿತು. 1878ರಲ್ಲಿ ಅಲಬಾಮದ ಮೊಬೀಲ್ ಪಟ್ಟಣದ ಚರ್ಚೊಂದರ ಮಹಿಳೆಯರು ಪ್ರಕಟಿಸಿದ ಪಾಕಪುಸ್ತಕದಲ್ಲಿ ‘ಜಾಮ್ ಬೊಲಾಯ’ ಎಂಬ ರೂಪದಲ್ಲಿ ಅಚ್ಚಾಯಿತು.

ಹೆಸರು ಫ್ರಾನ್ಸಿನ ಕಡೆಯಿಂದ ಬಂದಿರಬಹುದು. ಅಕ್ಕಿ ಎಲ್ಲಿಂದ ಬಂತು?

ಹಡಗಿನಲ್ಲಿ ಬಂದ ಬೀಜ

ಲೂಯಿಸಿಯಾನ ಫ್ರೆಂಚರ ವಸಾಹತಾಗಿದ್ದ ಮೊದಲ ವರ್ಷಗಳಲ್ಲಿ ಅಲ್ಲಿ ಅನ್ನಕ್ಕೆ ತತ್ವಾರವಿತ್ತು. ಮಿಸಿಸಿಪಿ ನದಿಯ ಜೌಗು ನೆಲದಲ್ಲಿ ಗೋಧಿ ಬೆಳೆಯದು. ಭತ್ತ ಬೆಳೆಯಬಹುದಿತ್ತು, ಆದರೆ ಫ್ರೆಂಚರಿಗೆ ಆ ಕೃಷಿ ಗೊತ್ತಿರಲಿಲ್ಲ. ಆಗ ವಸಾಹತನ್ನು ನಡೆಸುತ್ತಿದ್ದ ವ್ಯಾಪಾರಿ ಕಂಪನಿ ಆಫ್ರಿಕಕ್ಕೆ ಹೊರಟ ಗುಲಾಮರ ಹಡಗುಗಳ ಕಪ್ತಾನರಿಗೆ ಒಂದು ಸೂಚನೆ ಕೊಟ್ಟಿತು: ಬಿತ್ತನೆಗೆ ಭತ್ತವನ್ನು ತನ್ನಿ, ಭತ್ತದ ಬೇಸಾಯ ಬಲ್ಲ ಮನುಷ್ಯರನ್ನೂ ಕೊಂಡು ತನ್ನಿ. 1719ರಲ್ಲಿ ‘ಅರೋರ್’ ಮತ್ತು ‘ದ್ಯುಕ್ ದ್ಯು ಮೇನ್’ ಎಂಬ ಎರಡು ಹಡಗುಗಳು ಬಂದಿಳಿದವು. ಕೆಲವೇ ವರ್ಷಗಳಲ್ಲಿ ಮಿಸಿಸಿಪಿಯ ದಡದಲ್ಲಿ ಗದ್ದೆಗಳೆದ್ದವು.

ಫ್ರೆಂಚರ ಕಾಲದಲ್ಲಿ ಲೂಯಿಸಿಯಾನಕ್ಕೆ ಸಾಗಿಸಲಾದ ಗುಲಾಮರಲ್ಲಿ ಹೆಚ್ಚಿನವರು ಸೆನೆಗಲ್ ಮತ್ತು ಗ್ಯಾಂಬಿಯ ನದಿಗಳ ನಡುವಣ ಸೀಮೆಯವರು. ಅದು ಸಾವಿರಾರು ವರ್ಷಗಳಿಂದ ಭತ್ತ ಬೆಳೆದ ನೆಲ. ಮೀನು, ತರಕಾರಿ ಬೇಯಿಸಿದ ರಸದಲ್ಲೇ ಅಕ್ಕಿಯನ್ನೂ ಬೇಯಿಸುವ ಪದ್ಧತಿ ಸೆನೆಗಲ್‌ನಲ್ಲಿ ಇಂದಿಗೂ ಮನೆಮನೆಯಲ್ಲಿದೆ. ಲೂಯಿಸಿಯಾನದ ಯಜಮಾನರ ಅಡುಗೆಮನೆಗಳಲ್ಲಿ ಒಲೆ ಮುಂದೆ ನಿಂತವರು ಬಹುಮಟ್ಟಿಗೆ ಈ ಗುಲಾಮರೇ. ಪಕ್ಕದಲ್ಲೇ ನೆಲೆಸಿದ್ದ ಜರ್ಮನ್ ರೈತರಿಂದ ಸಾಸೇಜಿನ ಕೈಚಳಕ ಬಂತು. 1760ರ ದಶಕದಲ್ಲಿ ಆಡಳಿತ ಹಿಡಿದ ಸ್ಪೇನಿನವರು ತಮ್ಮ ‘ಪಾಯೆಯ’ ಅನ್ನದ ನೆನಪು ತಂದರು. ದಕ್ಷಿಣ ಅಮೆರಿಕದ ಕಡೆಯ ಮೆಣಸಿನಕಾಯಿಯೂ ಜೊತೆಗೂಡಿತು.

ಊರು ಕಳೆದುಕೊಂಡವರು

ಈ ಹೊತ್ತಿಗೆ ರಂಗಕ್ಕೆ ಬಂದವರು ಕೇಜನರು. ಇವರ ಪೂರ್ವಿಕರು 17ನೇ ಶತಮಾನದಲ್ಲಿ ಇಂದಿನ ಕೆನಡದ ಪೂರ್ವ ಕರಾವಳಿಯಲ್ಲಿ ನೆಲೆಸಿದ್ದ ಫ್ರೆಂಚ್ ರೈತರು. ಆ ಸೀಮೆಗೆ ‘ಅಕೇಡಿ’ ಎಂದು ಹೆಸರು; ಅದೇ ಮುಂದೆ ಸವೆದು ‘ಕೇಜನ್’ ಆಯಿತು. ಬ್ರಿಟಿಷ್ ದೊರೆಗೆ ಬೇಷರತ್ತಾಗಿ ನಿಷ್ಠೆಯ ಪ್ರಮಾಣ ಮಾಡಲು ಇವರು ಒಪ್ಪಲಿಲ್ಲ. 1755ರಲ್ಲಿ ಒಕ್ಕಲೆಬ್ಬಿಸುವಿಕೆ ಆರಂಭವಾಯಿತು. ಮನೆಗಳಿಗೆ ಬೆಂಕಿ ಬಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಡಗುಗಳಿಗೆ ತುಂಬಿ ಚೆದುರಿಸಲಾಯಿತು. ರೋಗದಲ್ಲಿ, ನೌಕಾಘಾತಗಳಲ್ಲಿ ಸಾವಿರಾರು ಮಂದಿ ಸತ್ತರು.

ಅಳಿದುಳಿದವರಲ್ಲಿ ಒಂದು ಗುಂಪು 1765ರಲ್ಲಿ ಜೋಸೆಫ್ ಬ್ರುಸಾರ್ ಎಂಬಾತನ ನಾಯಕತ್ವದಲ್ಲಿ ಲೂಯಿಸಿಯಾನ ತಲುಪಿತು. 1785ರಲ್ಲಿ ಏಳು ಹಡಗುಗಳಲ್ಲಿ ಫ್ರಾನ್ಸಿನಿಂದ ಸುಮಾರು 1,600 ಮಂದಿ ಬಂದು ಸೇರಿದರು. ಚಳಿನಾಡಿನಲ್ಲಿ ಗೋಧಿ, ಬಟಾಣಿ, ಕೋಸು ತಿಂದು ಬೆಳೆದವರಿಗೆ ಇಲ್ಲಿ ಸಿಕ್ಕಿದ್ದು ಜೌಗು, ಸೊಳ್ಳೆ, ಸೀಗಡಿ, ಜೋಳ. ಹೊಲದ ತಗ್ಗಿನಲ್ಲಿ ಮಳೆನೀರು ನಿಂತರೆ ಒಂದಿಷ್ಟು ಭತ್ತ ಚೆಲ್ಲುತ್ತಿದ್ದರು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಅದಕ್ಕೆ ಅವರಿಟ್ಟ ಹೆಸರು ‘ದೈವಕೃಪೆಯ ಅಕ್ಕಿ’. 1880ರ ದಶಕದಲ್ಲಿ ರೈಲು ಬಂದು, ಉತ್ತರದ ಗೋಧಿ ರೈತರು ಯಂತ್ರಗಳೊಡನೆ ಬಯಲಿಗಿಳಿದು, 1887ರಲ್ಲಿ ಕ್ರೌಲಿ ಎಂಬ ಅಕ್ಕಿಯ ಪಟ್ಟಣ ಹುಟ್ಟಿದ ಮೇಲಷ್ಟೇ ಅನ್ನ ಅವರ ನಿತ್ಯದ ಊಟವಾಯಿತು. ಮಾಂಸ ಕಡಿಮೆ, ಉಣ್ಣುವ ಬಾಯಿ ಹೆಚ್ಚು ಇರುವ ಮನೆಗೆ ಜಂಬಲಾಯಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕೇಜನರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯ ಮಾಡಿತು. ಮನೆಮಾತು ಫ್ರೆಂಚ್ ಆಡಿದ ಮಕ್ಕಳು ಪೆಟ್ಟು ತಿಂದರು. ಭಾಷೆ ಸೊರಗಿತು, ಬಾಣಲೆ ಉಳಿಯಿತು. 1952ರಲ್ಲಿ ಹ್ಯಾಂಕ್ ವಿಲಿಯಮ್ಸ್ ಹಾಡಿದ ಹಾಡು ಜಂಬಲಾಯದ ಹೆಸರನ್ನು ಅಮೆರಿಕದಾಚೆಗೂ ಒಯ್ದಿತು. ಗೊನ್ಜಾಲೆಸ್‌ಗೆ ಬಿರುದು ಬಂದ 1968ರಲ್ಲೇ ಫ್ರೆಂಚ್ ಭಾಷೆಯ ರಕ್ಷಣೆಗೆ ರಾಜ್ಯ ಸರಕಾರ ಒಂದು ಮಂಡಳಿಯನ್ನೂ ಸ್ಥಾಪಿಸಿತು. 1980ರ ದಶಕದಲ್ಲಿ ಪಾಲ್ ಪ್ರುಡೋಮ್ ಎಂಬ ಬಾಣಸಿಗನಿಂದಾಗಿ ‘ಕೇಜನ್’ ಎಂಬುದು ಮಸಾಲೆ ಪೊಟ್ಟಣದ ಮೇಲೆ ಅಚ್ಚಾಗುವ ಮಾತಾಯಿತು.

ಯಾರ ಹೆಸರು ಉಳಿಯಿತು?

2003ರಲ್ಲಿ ಬ್ರಿಟನ್ನಿನ ರಾಣಿಯ ಹೆಸರಿನಲ್ಲಿ ಕೆನಡದಲ್ಲಿ ಒಂದು ರಾಜಘೋಷಣೆ ಹೊರಬಿತ್ತು. 1755ರಲ್ಲಿ ಆರಂಭವಾದ ಗಡಿಪಾರನ್ನೂ ಅದರಿಂದಾದ ಸಾವುನೋವನ್ನೂ ಅದು ಒಪ್ಪಿಕೊಂಡಿತು. ಜುಲೈ 28ನ್ನು ಅದರ ಸ್ಮರಣೆಯ ದಿನವೆಂದು ಸಾರಿತು. ಎರಡೂವರೆ ಶತಮಾನ ತಡವಾದರೂ ಕೇಜನರ ನೋವಿಗೆ ಒಂದು ತಾರೀಖಾದರೂ ಸಿಕ್ಕಿತು.

ಭತ್ತ ಬಿತ್ತಿದವರಿಗೆ ಅದೂ ಸಿಗಲಿಲ್ಲ. ನ್ಯೂ ಆರ್ಲಿಯನ್ಸಿನ ‘ಪಿಕಯೂನ್’ ಪತ್ರಿಕೆ 1900ರಲ್ಲಿ ದೊಡ್ಡದೊಂದು ಕ್ರಿಯೋಲ್ ಪಾಕಪುಸ್ತಕ ತಂದಿತು. ಹಳೆಯ ಕರಿಯ ಅಡುಗೆಯವರು ಕಣ್ಮರೆಯಾಗುತ್ತಿದ್ದಾರೆ, ಅವರ ಬಾಯಿಂದಲೇ ಪಾಕಗಳನ್ನು ಬರೆದುಕೊಳ್ಳಬೇಕು ಎಂದು ಮುನ್ನುಡಿ ಹಲುಬಿತು. ಪಾಕಗಳು ಪುಸ್ತಕಕ್ಕೆ ಬಂದವು, ಹೇಳಿಕೊಟ್ಟವರ ಹೆಸರು ಬರಲಿಲ್ಲ. ನಾಲ್ಕು ದಶಕಗಳ ನಂತರ, 1940ರಲ್ಲಿ, ಲೀನಾ ರಿಚರ್ಡ್ ಎಂಬ ಕರಿಯ ಅಡುಗೆಗಾರ್ತಿಯ ನ್ಯೂ ಆರ್ಲಿಯನ್ಸ್ ಪಾಕಪುಸ್ತಕವನ್ನು ಹೆಸರಾಂತ ಪ್ರಕಾಶನ ಸಂಸ್ಥೆಯೊಂದು ಹೊರತಂದಿತು. ಆಕೆ ಆ ನಗರದ ಟೆಲಿವಿಷನ್‌ನಲ್ಲೂ ಅಡುಗೆ ಕಲಿಸಿದಳು. ಅನ್ನ ಬೇಯಿಸಿದ ಕೈಗೊಂದು ಹೆಸರು ಹೀಗೆ ಅಚ್ಚಾಯಿತು.

ಜಂಬಲಾಯ ಕೇಜನರದಲ್ಲ ಎಂದಲ್ಲ. ಊರು, ಭಾಷೆ ಎರಡನ್ನೂ ಕಳೆದುಕೊಂಡ ಜನ ಅದನ್ನು ಕೈಬಿಡದೆ ಕಾಪಾಡಿಕೊಂಡು ಬಂದದ್ದು ನಿಜ. ಆದರೆ ಅವರು ಬರುವ ಮೊದಲೇ ಅಲ್ಲಿ ಒಲೆ ಉರಿಯುತ್ತಿತ್ತು, ಗದ್ದೆ ಹಸಿರಾಗಿತ್ತು. 1719ರ ಆ ಎರಡು ಹಡಗುಗಳ ಹೆಸರು ನಮಗೆ ತಿಳಿದಿದೆ. ಅವುಗಳಿಂದ ಇಳಿದು ಮೊದಲ ಸಸಿ ನೆಟ್ಟವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಗೊನ್ಜಾಲೆಸ್‌ನ ಕಡಾಯಿಯಲ್ಲಿ ಕುದಿಯುವ ಅಕ್ಕಿಗೆ ಅವರ ಋಣವಿದೆ.