ದ್ರವವೂ ಹೌದು, ಸ್ಫಟಿಕವೂ ಹೌದು

ಪಠ್ಯಪುಸ್ತಕದಲ್ಲಿ ದ್ರವ್ಯಕ್ಕೆ ಮೂರೇ ಸ್ಥಿತಿಗಳು. ಅವುಗಳ ಸಂದಿಯಲ್ಲಿ ನಿಲ್ಲುವ ಇನ್ನೊಂದರ ಕಥೆ ಹೇಳಲು ನಮ್ಮ ನಲವತ್ತೈದು ನಿಮಿಷದ ಪೀರಿಯಡ್ ಸಾಲುತ್ತಿರಲಿಲ್ಲ. ಈಗ ನನಗೆ ಬಿಡುವಿದೆ; ನೀವು ಇದನ್ನು ಓದುತ್ತಿರುವುದೂ ಬಹುಶಃ ಅದೇ ವಸ್ತುವಿನ ಮೂಲಕವೇ.

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ವಸ್ತುವನ್ನು ಕಾಯಿಸಿದಾಗ ಅದು ಎರಡು ಬಾರಿ ಕರಗಿದಂತೆ ಕಂಡಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರುಮಜ್ಜಿಗೆಯಂತೆ ಮಸುಕಾದ ದ್ರವ, 178.5ರಲ್ಲಿ ತಟ್ಟನೆ ತಿಳಿ. ಜರ್ಮನಿಯ ಒಟ್ಟೊ ಲೆಹ್ಮನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಹರಿಯುತ್ತಲೇ ಸ್ಫಟಿಕದ ಗುಣ ತೋರುವ ಇಂಥ ವಸ್ತುಗಳನ್ನು ದ್ರವ ಸ್ಫಟಿಕಗಳೆಂದು ಕರೆದರು. ಮುಂದಿನ ಎಂಬತ್ತು ವರ್ಷ ಅವು ಬಹುಮಟ್ಟಿಗೆ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದವು.

1968ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಜಾರ್ಜ್ ಹೈಲ್‌ಮೈಯರ್ ತಂಡವು ಇದರಿಂದ ಪರದೆ ಮಾಡಬಹುದೆಂದು ಲೋಕಕ್ಕೆ ತೋರಿಸಿತು. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಕ್ ಕಂಡುಕೊಂಡ ವಿಧಾನ ಅದಕ್ಕಿಂತ ಜಾಣತನದ್ದು. ಎರಡು ಗಾಜುಗಳ ನಡುವೆ ಕಡ್ಡಿಯಾಕಾರದ ಅಣುಗಳು ಸುರುಳಿ ಮೆಟ್ಟಿಲಿನಂತೆ ತೊಂಬತ್ತು ಡಿಗ್ರಿ ತಿರುಚಿಕೊಂಡಿರುತ್ತವೆ; ಬೆಳಕಿನ ಕಂಪನದ ದಿಕ್ಕೂ ಅವುಗಳೊಡನೆ ತಿರುಗಿ, ಎದುರಿನ ಪೋಲರಾಯ್ಡ್ ಹಾಳೆಯನ್ನು ದಾಟುತ್ತದೆ. ಕೆಲವೇ ವೋಲ್ಟ್ ಕೊಟ್ಟರೆ ಅಣುಗಳು ನೆಟ್ಟಗೆ ನಿಂತು, ದಾರಿ ಮುಚ್ಚಿ, ಕಪ್ಪು ಅಂಕಿ ಮೂಡುತ್ತದೆ. ಪೋಲರಾಯ್ಡ್ ತಂಪುಕನ್ನಡಕವನ್ನು ಕಂಪ್ಯೂಟರ್ ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ, ಮೊಮ್ಮಕ್ಕಳಿಗೂ ತೋರಿಸಿ. ಎಲ್‌ಸಿಡಿಯ ಹಿರಿಮೆಯೆಲ್ಲ ಇಲ್ಲೇ ಇದೆ: ದ್ರವ ಸ್ಫಟಿಕ ತಾನು ಬೆಳಗುವುದಿಲ್ಲ, ಬೆಳಕಿಗೆ ಬಾಗಿಲಾಗುತ್ತದೆ, ಅಷ್ಟೆ. ಆದ್ದರಿಂದಲೇ ಕೈಗಡಿಯಾರದ ಗುಂಡಿಯಷ್ಟು ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಟಿವಿ ಪರದೆಗೆ ಹಿಂಬದಿಯ ದೀಪ ಬೇಕು ನಿಜ. ಆದರೂ ಇಬ್ಬರು ಎತ್ತಬೇಕಾಗಿದ್ದ ಹಳೆಯ ಪಿಕ್ಚರ್ ಟ್ಯೂಬಿನ ಡಬ್ಬ ತೊಲಗಿತು!

ಒಂದು ಕೊರತೆ ಮಾತ್ರ ಬಹುಕಾಲ ಕಾಡಿತು. ಪಕ್ಕದಿಂದ ನೋಡಿದರೆ ಚಿತ್ರ ಮಸುಕಾಗುತ್ತಿತ್ತು, ಬಣ್ಣ ಕೆಡುತ್ತಿತ್ತು. ಅದರ ಪರಿಹಾರದಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಸರ್ ಸಿ.ವಿ. ರಾಮನ್ನರ ಸೋದರಳಿಯ ಎಸ್. ಚಂದ್ರಶೇಖರ್, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗವನ್ನು ಕಟ್ಟಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದವರು. ದ್ರವ ಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕೆಂದೇ ಅಂದಿನ ನಂಬಿಕೆ. 1977ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡಗೂಡಿ, ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ದ್ರವ ಸ್ಫಟಿಕವಾಗುತ್ತವೆಂದು ತೋರಿಸಿದರು. ಆ ಪ್ರಬಂಧ ಅಚ್ಚಾದದ್ದು ವಿದೇಶದಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಬಿಲ್ಲೆಯಾಕಾರದ ಅಣುಗಳಿಂದ ತೆಳುವಾದ ಹಾಳೆಯನ್ನು ತಯಾರಿಸಿತು. ಅದನ್ನು ಪರದೆಗೆ ಅಂಟಿಸಿದ ಮೇಲೆ ಪಕ್ಕದಲ್ಲಿ ಕುಳಿತವರಿಗೂ ಚಿತ್ರ ಸ್ಪಷ್ಟವಾಗಿ ಕಾಣತೊಡಗಿತು. ಚಂದ್ರಶೇಖರ್ ತೀರಿಕೊಂಡದ್ದು 2004ರಲ್ಲಿ. ಅಷ್ಟು ಹೊತ್ತಿಗೆ ಆ ಹಾಳೆ ಎಷ್ಟೋ ಮೇಜುಗಳ ಮೇಲಿನ ಮಾನಿಟರುಗಳನ್ನು ಸೇರಿಯಾಗಿತ್ತು.