ಎತ್ತಿಗೆ ದಣಿವಿತ್ತು, ಬಿಸಿಲಿಗಿಲ್ಲ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೇ ಬಾವಿಗಳ ದಂಡೆಯಲ್ಲಿ ಎರಡು ಕಲ್ಲುಕಂಬ ನಿಂತಿರುವುದನ್ನು ನೋಡಿರುತ್ತೀರಿ. ಅವು ಕಪಿಲೆಯ ಕಂಬಗಳು. ರಾಟೆಯ ಮೇಲೆ ಹಗ್ಗ, ಹಗ್ಗದ ತುದಿಗೆ ಚರ್ಮದ ದೊಡ್ಡ ಚೀಲ. ಜೋಡೆತ್ತು ಇಳಿಜಾರಿನಲ್ಲಿ ಮುಂದೆ ನಡೆದರೆ ನೀರು ಮೇಲೆ ಬರುತ್ತಿತ್ತು. ಎತ್ತು ದಣಿದರೆ ಕಪಿಲೆ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಬಾವಿಗೆ ಮತ್ತೆ ನೀರು ಊರುತ್ತಿತ್ತು.

ಆಮೇಲೆ ಡೀಸೆಲ್ ಎಂಜಿನ್ ಬಂತು, ಕರೆಂಟ್ ಮೋಟರ್ ಬಂತು, ಕೊಳವೆಬಾವಿ ಬಂತು. ಯಂತ್ರಕ್ಕೆ ದಣಿವಿಲ್ಲ. 2008ರಲ್ಲಿ ರಾಜ್ಯ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಟ್ಟ ಮೇಲೆ ಬಿಲ್ಲಿನ ಭಯವೂ ಹೋಯಿತು. ತೆರೆದ ಬಾವಿಗಳು ಬತ್ತಿದವು. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊರೆದರೂ ಬರೀ ದೂಳು ಬಂದ ಹೊಲಗಳಿವೆ, ಆ ಸಾಲ ಇನ್ನೂ ತೀರಿಸುತ್ತಿರುವ ಮನೆಗಳಿವೆ.

ನೀರು ಕಡಿಮೆಯಾದಾಗ ಹನಿ ನೀರಾವರಿ ಕೈ ಹಿಡಿಯಿತು. ಇದರ ಈಗಿನ ರೂಪ ಇಸ್ರೇಲಿನದು. ಸಿಮ್ಹಾ ಬ್ಲಾಸ್ ಎಂಬ ಎಂಜಿನಿಯರ್ ರೂಪಿಸಿದ ಪ್ಲಾಸ್ಟಿಕ್ ಪೈಪನ್ನು 1960ರ ದಶಕದಲ್ಲಿ ಅಲ್ಲಿನ ಮರುಭೂಮಿಯ ಹಟ್ಜೆರಿಮ್ ಎಂಬ ಊರಿನವರು ತಯಾರಿಸಲು ಶುರು ಮಾಡಿದರು. ನಮ್ಮಲ್ಲಿ ದ್ರಾಕ್ಷಿ, ಟೊಮೆಟೊ, ಹಿಪ್ಪುನೇರಳೆ ಬೆಳೆಗಾರರು ಅದನ್ನು ಒಪ್ಪಿಕೊಂಡರು. ಆದರೆ ತ್ರೀಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಬರುತ್ತಿತ್ತು. ಟಾರ್ಚ್ ಹಿಡಿದು, ಹಾವಿಗೆ ಹೆದರಿ ಹೊಲಕ್ಕೆ ಹೋದವರಿಗೆ ಆ ಕಷ್ಟ ಗೊತ್ತು.

ಸೋಲಾರ್ ಪಂಪ್ ಈ ಕಷ್ಟ ತಪ್ಪಿಸಿತು. ಹನಿ ನೀರಾವರಿಗೆ ನೀರು ಕಡಿಮೆ ಸಾಕು. ಹಾಗಾಗಿ ನೀರು ತೀರಾ ಆಳದಲ್ಲಿ ಇಲ್ಲದ ಕಡೆ ಸಣ್ಣ ಪಂಪ್, ನಾಲ್ಕಾರು ಪ್ಯಾನೆಲ್ ಇದ್ದರೂ ಸಣ್ಣ ಹಿಡುವಳಿಗೆ ನಡೆಯುತ್ತದೆ. 2019ರಲ್ಲಿ ಕೇಂದ್ರದ ಕುಸುಮ್ ಯೋಜನೆ ಬಂದ ಮೇಲೆ ಸಬ್ಸಿಡಿಯೂ ಸಿಕ್ಕಿತು.

ಆದರೆ ಕಪಿಲೆಯ ಕಥೆ ಇಲ್ಲಿ ನೆನಪಾಗಬೇಕು. ಬಿಸಿಲಿಗೆ ದಣಿವಿಲ್ಲ, ಬಿಲ್ಲಿಲ್ಲ, ಲೋಡ್‌ಶೆಡ್ಡಿಂಗ್ ಇಲ್ಲ. ಬಿಸಿಲಿರುವ ತನಕ ಪಂಪ್ ಓಡುತ್ತಲೇ ಇರಬಹುದು. ಡ್ರಿಪ್ಪಿನಲ್ಲಿ ಉಳಿದ ನೀರಿಗೆ ಇನ್ನೊಂದು ಎಕರೆ ನಾಟಿ ಮಾಡಿದರೆ ಉಳಿತಾಯ ಎಲ್ಲಿ ಬಂತು?

ಇದಕ್ಕೊಂದು ದಾರಿಯನ್ನು ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಗ್ರಾಮ ತೋರಿಸಿದೆ. ಅಲ್ಲಿ ಆರು ರೈತರು ಸೇರಿ ಸೋಲಾರ್ ಪಂಪ್ ಸಹಕಾರ ಸಂಘ ಕಟ್ಟಿದರು. ಬೆಳೆಗೆ ಬೇಕಾದಷ್ಟು ನೀರೆತ್ತಿ, ಮಿಕ್ಕ ಕರೆಂಟನ್ನು 2016ರಿಂದ ವಿದ್ಯುತ್ ಕಂಪನಿಗೆ ಮಾರಿದರು. ಪಂಪ್ ನಿಲ್ಲಿಸಿದರೂ ದುಡ್ಡು! ನಮ್ಮಲ್ಲೂ 2014ರ 'ಸೂರ್ಯ ರೈತ' ಯೋಜನೆಯ ಆಲೋಚನೆ ಇದೇ ಆಗಿತ್ತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಅದರ ಪ್ರಯೋಗ ನಡೆಯಿತು.

ಕರೆಂಟ್ ಮಾರುವ ಅನುಕೂಲ ಎಲ್ಲ ಊರಿಗೂ ಇಲ್ಲ. ಅಂಥ ಕಡೆ ದಿನಕ್ಕೆ ಎಷ್ಟು ಗಂಟೆ ಪಂಪ್ ಓಡಬೇಕೆಂದು ಅಕ್ಕಪಕ್ಕದ ಹೊಲದವರು ಕೂತು ಮಾತಾಡಿಕೊಳ್ಳಬೇಕು. ಒಂದು ಕಾಲಕ್ಕೆ ಎತ್ತು 'ಸಾಕು' ಅನ್ನುತ್ತಿತ್ತು. ಈಗ ಆ ಮಾತನ್ನು ನಾವೇ ಹೇಳಬೇಕು.